ನನ್ನ ಪ್ರಚಾರದ ಧಂದೆ, ಎದುರಂಗಡಿಯವನ ನಸೀಬ

ಮಂದಿ ಸರಕು ಮಾರಾಟ ಆಗಲಿ ಅಂತ ಊರೂರು ಒದರ್ಕೋತ ತಿರಗೋ ಧಂದೆ ಹಿಡದವಂಗ ನಗಿಗೇಡು ತಪ್ಪಂಗಿಲ್ಲ. ಒಂದನ್ನ ಮರತು ಮಾರಿ ತೊಳಕೊಳ್ಳೂದ್ರಾಗ ಇನ್ನೊಂದು ಬಂದು ಬಾಗಲಾಗ ನಿಂತಿರ್ತದ. ನಾನು ಆಳಂದದಾಗ ಆ ಧಂದೆ ಮಾಡಿದ್ದು ನಿಜಾಮರ ರಾಜ್ಯ ಇದ್ದಾಗ, ಜರ್ಮನಿ ಲಡಾಯಿ ನಡದ ಕಾಲಕ್ಕ. ಗ್ವಾಡಿ ಮ್ಯಾಲ ಬರಿಯೂದು, ಅಂಗಡಿಗೆ ಬೋರ್ಡು ಬರಿಯೂದು, ಹಲಗಿ ಬಡಿಸಿ ಸಾರೂದು, ಚಕ್ಕಡಿಗೆ ಚಿತ್ರ ಕಟಗೊಂಡು ಊರಾಗ ತಿರಗೂದು, ಎಲ್ಲಾ ನಾನಽ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲ್ಲೂಕಿನಾಗ ಈ ಕೆಲಸಕ್ಕ ಮತ್ತೊಬ್ಬ ಇರಲಿಲ್ಲ.

ಆಮ್ಯಾಲ ಅಂವ ಬಂದ. ಸೊಲ್ಲಾಪುರದಾಗ ಗಿರಣಿ ಗ್ವಾಡಿಗೆ ಅಕ್ಷರ ಬರದು ಕೈ ಪಳಗಿಸಿಕೊಂಡು ಬಂದವ, ನೇರ ನನ್ನ ಅಂಗಡಿ ಎದುರಿಗೇ ಬಂದು ಅಂಗಡಿ ಹಾಕಿದ. ಅವನ ಹೆಸರು ನಾ ಇಂದಿಗೂ ಬಾಯಾಗ ತರಂಗಿಲ್ಲ. ಎದುರಂಗಡಿಯವ ಅಂದ್ರ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಾಗ್ತದ.

ಸುಳ್ಳ್ಯಾಕ ಹೇಳ್ಲಿ, ನನಗ ಅವನ ಮ್ಯಾಲ ಹೊಟ್ಟಿಕಿಚ್ಚು. ಕೆಟ್ಟವ ಇದ್ದಿದ್ರ ಒಮ್ಮೆ ಜಗಳಾಡಿ ಹಗುರ ಆಗ್ತಿದ್ದೆ. ಅಂವ ಹಂಗೂ ಇರಲಿಲ್ಲ. ನನಗ 'ಅಣ್ಣಾ, ಅಣ್ಣಾ' ಅಂತಿದ್ದ. ನನ್ನ ಕುಂಚ ಕೇಳಿ ಒಯ್ತಿದ್ದ, ಸಂಜಿಕ ಎಣ್ಣ್ಯಾಗ ತೊಳದು, ನಾ ಕೊಟ್ಟಾಗ ಇದ್ದದ್ದಕ್ಕಿಂತ ಸ್ವಚ್ಛ ಮಾಡಿ ತಂದು ಕೊಡ್ತಿದ್ದ. ನನ್ನ ಹೆಂಡತಿ ಅದನ್ನ ತಿರುವಿ ಮುರುವಿ ನೋಡಿ, "ನೋಡ್ರಿ, ಕುಂಚ ತೊಳಿಯೂದಂದ್ರ ಹಿಂಗ," ಅಂತಿದ್ಲು. 

ಹೊಟ್ಟಿಕಿಚ್ಚಿಗೆ ಕಾರಣಾನೂ ಇತ್ತು. ಆಳಂದದಾಗ ಇಂಥಾವು ಎರಡು ಅಂಗಡಿ ನಡಿಯೂವಷ್ಟು ಕೆಲಸ ಇರಲಿಲ್ಲ. ಇವತ್ತಲ್ಲ ನಾಳೆ ಒಂದು ಬಾಗಲಾ ಹಾಕೂದಽ. ನಂದು ಹಾಕ್ತಂದ್ರ ನಿಂಬರ್ಗಾದಾಗ ನನ್ನ ಮಾವ ದಾರಿ ನೋಡ್ಕೋತ ಕುಂತಿದ್ದ. ಹೋದಾಗೊಮ್ಮೆ, "ಅಳಿಯಂದ್ರ, ಸಾಕು ಬಿಡ್ರಿ ಆ ಒದರೋ ಕೆಲಸ. ನಮ್ಮ ತೊಗರಿ ಹೊಲ ನೋಡ್ಕೊಂಡು ಇಲ್ಲೇ ಇರ್ರಿ," ಅಂತಿದ್ದ. ಮಾವನ ಮನ್ಯಾಗ ಇದ್ದು ಮಾವನ ರೊಟ್ಟಿ ತಿನ್ನೂದಂದ್ರೇನು ಅನ್ನೂದು ತಿಂದವರಿಗೆ ಗೊತ್ತು. ಹಿಂಗಾಗಿ ಎದುರಂಗಡಿಯವ ಒಂದು ಕೆಲಸ ಹಿಡದಾಂದ್ರ ನನಗ ಮಾವನ ಹೊಲ ಒಂದು ಹೆಜ್ಜಿ ಹತ್ರ ಬಂದಂಗ ಆಗ್ತಿತ್ತು.

ಮಟಕಿಯ ಬಾಯಿ

ಹಲ್ಲುಪುಡಿ ಮಾರೋ ವ್ಯಾಪಾರಿ ಒಬ್ಬಾಂವ ಇದ್ದ. ಹಳ್ಳಿ ಮಂದಿ ಕುಳ್ಳಿನ ಬೂದಿಲೆ ಹಲ್ಲು ತಿಕ್ಕೂದು ಬಿಟ್ಟು ತನ್ನ ಡಬ್ಬಿ ಕೊಳ್ಳಬೇಕು ಅಂತ ಅವನ ಆಸೆ. ಮಟಕಿ ಅನ್ನೋ ಊರಾಗ ಒಂದೊಂದು ಗ್ವಾಡಿ ಆರಿಸಿ ಬರೀರಿ ಅಂತ ನನಗೂ ಎದುರಂಗಡಿಯವಂಗೂ ಹೇಳಿದ. "ಯಾರ ಗ್ವಾಡಿಯಿಂದ ಡಬ್ಬಿ ಭಾಳ ಹೋಗ್ತಾವೋ ಮುಂದಿನ ಹತ್ತು ಹಳ್ಳಿ ಅವರಿಗೆ," ಅಂದ.

ನಾನು ಊರ ಅಗಸಿ ಹತ್ರ ಇದ್ದ ಒಬ್ಬಾಕಿ ಮುದುಕಿ ಮನಿ ಗ್ವಾಡಿ ಹಿಡದೆ. ಎಂಥಾ ಗ್ವಾಡಿ ಅಂತೀರಿ, ಸುಣ್ಣ ಹಚ್ಚಿ ಬೆಳ್ಳಗ ಮಾಡಿದ್ದು, ಮುಂಜಾನಿಂದ ಸಂಜೀತನಕ ಸೂರ್ಯ ಅದರ ಮ್ಯಾಲಽ ಇರ್ತಿದ್ದ. ಆ ಆಯಿನ್ನ ಕೇಳಿದ್ರ, "ಬರಕೊ ತಮ್ಮಾ, ಗ್ವಾಡಿ ಏನ್ ಸವೀತದೇನು?" ಅಂದ್ಲು. ಎರಡು ದಿನ ಬಿಸಲಾಗ ಸುಟಗೊಂಡು ಬರದೆ. ಮ್ಯಾಲ ಪುಡಿ ಹೆಸರು, ಕೆಳಗ ಡಬ್ಬಿ ಚಿತ್ರ, ನಟ್ಟನಡುವ ಒಂದು ಚಕ್ಕಡಿ ಗಾಲಿಯಷ್ಟು ದೊಡ್ಡ ಬಾಯಿ, ಅದರ ತುಂಬ ಹೊಳಿಯೋ ಹಲ್ಲು.

ಎಂಟು ದಿನ ಬಿಟ್ಟು ವ್ಯಾಪಾರಿ ಜೋಡಿ ನೋಡಾಕ ಹೋದೆ. ಅಗಸಿ ದಾಟಿ ನೋಡಿದ್ರ, ಗ್ವಾಡಿ ತುಂಬ ಕುಳ್ಳು ಬಡದಿದ್ರು. ಹೆಸರಿನ ಮ್ಯಾಲ ಕುಳ್ಳು, ಡಬ್ಬಿ ಮ್ಯಾಲ ಕುಳ್ಳು. ನಡುವ ಬಾಯಿ ಒಂದಽ ಉಳದು ಹಲ್ಲು ಕಿಸ್ಕೊಂಡು ನಗಾಕತ್ತಿತ್ತು.

"ಆಯೀ, ಇದೇನ್ ಮಾಡಿದಿ?" ಅಂದೆ.

"ಬಿಸಲು ಬೀಳೋ ಗ್ವಾಡಿ ಇದೊಂದಽ ಅದ ತಮ್ಮಾ. ಕುಳ್ಳು ಮತ್ತೆಲ್ಲಿ ಒಣಗಸ್ಲಿ? ಬಾಯಾಗ ಮಾತ್ರ ಸಗಣಿ ಬಡದಿಲ್ಲ ನೋಡು. ಪಾಪ, ಅನ್ನ ತಿನ್ನೋ ಬಾಯಿ."

ಅಷ್ಟಾಗಿದ್ರ ತಡಕೊಳ್ತಿದ್ದೆ. ಅಷ್ಟರಾಗ ಒಬ್ಬಾಕಿ ಹೆಣ್ಣುಮಗಳು ಸೆರಗಿನಾಗ ಜೋಳ ಕಟಗೊಂಡು ಬಂದು, "ಆಯೀ, ನಾಕು ಕುಳ್ಳು ಕೊಡು," ಅಂದ್ಲು. ನಿನ್ನ ಮನ್ಯಾಗ ಎಮ್ಮಿ ಇಲ್ಲೇನಬೇ ಅಂತ ಕೇಳಿದ್ರ, "ಅದಾವ್ರಿ. ಆದ್ರ ಈ ಕುಳ್ಳಿನ ಬೂದಿ ಹಚ್ಚಿ ತಿಕ್ಕಿದ್ರ ಹಲ್ಲು ಹಿಂಗ ಹೊಳೀತಾವಂತ ಗ್ವಾಡಿಗೇ ತಗದಾರಲ್ರಿ," ಅಂದ್ಲು. ವ್ಯಾಪಾರಿ ನನ್ನ ಮಾರಿ ನೋಡಿದ. ನಾನು ನೆಲ ನೋಡಿದೆ.

ಎದುರಂಗಡಿಯವನ ಗ್ವಾಡಿಗೆ ಹೋದ್ರ ಒಂದು ಅಕ್ಷರ ಅಳಿಸಿರಲಿಲ್ಲ. ಅದು ಬಡಗಣ ದಿಕ್ಕಿನ ಗ್ವಾಡಿ, ಬಿಸಲಽ ಬೀಳಂಗಿಲ್ಲ, ಕುಳ್ಳು ಯಾರೂ ಬಡ್ಯಂಗಿಲ್ಲ. ಎಷ್ಟು ಶಾಣ್ಯಾ ಅದಾನಲ್ಲ ಇಂವ ಅಂದ್ಕೊಂಡೆ. ಸಂಜಿಕ ಅವನ್ನ ಹಿಡದು, "ಈ ಗ್ವಾಡಿನ ಯಾಕ ಆರಿಸಿದಿ, ಖರೇ ಹೇಳು," ಅಂದೆ.

"ಬಿಸಲಿಗೆ ನನಗ ತಲಿ ನೋಯ್ತದ ಅಣ್ಣಾ," ಅಂದ. "ಅದಕ್ಕಽ ನೆರಳಿಗೆ ನಿಂತು ಬರದೆ."

ನಾ ಮಟಕಿ ಬಿಟ್ಟು ಹೊಂಟಾಗ ಆಯಿ ಅಗಸಿತನಕ ಬಂದು ಕಳಿಸಿದ್ಲು. "ತಮ್ಮಾ, ನಮ್ಮ ಮಗಳ ಮನ್ಯಾಗ ಒಂದು ಗ್ವಾಡಿ ಖಾಲಿ ಅದ. ಅಕಿಗೂ ಒಂದು ಬಾಯಿ ಬರದು ಕೊಡು. ಕುಳ್ಳು ಎಷ್ಟು ಬೇಕಷ್ಟು ಒಯ್ಯಿ."

ಅಫಜಲಪುರದ ಹಲಗಿ

ಅಫಜಲಪುರದಾಗ ಸೀರಿ ಧೋತರ ಮಾರೋ ಹೊಸಾ ಅರಿವಿ ಅಂಗಡಿ ತಗೀತು. ಮಾಲಕ ನನ್ನ ಕರಸಿ, "ಹಂತಾ ಪ್ರಚಾರ ಮಾಡ್ರಿ, ಊರು ಊರಽ ನನ್ನ ಅಂಗಡಿ ಮುಂದ ಬರಬೇಕು," ಅಂದ. ಎದುರಂಗಡಿಯವನ್ನ ಬಿಟ್ಟು ನನ್ನ ಕರಸ್ಯಾನಂತ ನಾ ಉಬ್ಬಿ ಹೋಗಿದ್ದೆ. ಇಡೀ ತಾಲ್ಲೂಕಿನಾಗ ಎಲ್ಲಾರಿಗಿಂತ ಗಟ್ಟಿ ಹಲಗಿ ಬಾರಸೋ ಮನುಷ್ಯಾನ್ನ ಹುಡಿಕಿ ಕರಕೊಂಡು ಹೋದೆ.

ಅಗಸ್ಯಾಗ ನಿಂತು ಹಲಗಿಗೆ ಮೊದಲ ಪೆಟ್ಟು ಬಿತ್ತು. ಓಣ್ಯಾಗಿನ ಬಾಗಲಾ ಒಂದೊಂದಽ ಮುಚ್ಚಾಕ ಹತ್ತಿದ್ವು. ಎರಡನೇ ಓಣಿಗೆ ಹೋದ್ವಿ, ಅಲ್ಲಿ ನಮಗಿಂತ ಮೊದಲಽ ಮುಚ್ಚಿದ್ವು. ಒಬ್ಬಾಂವ ಹಿತ್ತಲ ಗ್ವಾಡಿ ಜಿಗದು ಓಡೂದು ನನ್ನ ಕಣ್ಣಿಗೆ ಬಿತ್ತು. ಇವರಿಗೇನಾತಪ್ಪಾ ಅಂತ ನನಗ ತಿಳೀಲಿಲ್ಲ. ನನ್ನ ದನಿ ಇನ್ನೂ ಏರಿಸಿದೆ. ಹಲಗಿಯವಂಗೂ ಜೋರು ಬಾರಸು ಅಂದೆ.

ಕಡೀಕ ಒಬ್ಬ ಮುದುಕ ಸಿಕ್ಕ. ಓಡಾಕ ಕಾಲಿಲ್ಲ, ಕಟ್ಟಿ ಮ್ಯಾಲ ಕುಂತಿದ್ದ. ನಾ ಬಾಯಿ ತಗಿಯೂದ್ರಾಗ ಕೈ ಮುಗದು, "ನಮ್ಮ ಮನ್ಯಾಗ ಕಾಳಿಲ್ರಿ ಸಾಹೇಬ್ರ," ಅಂದ.

ಆವಾಗ ನನಗ ಬೆಳಕಾತು. ಲಡಾಯಿ ಕಾಲ, ಸರಕಾರದವರು ಲೆವಿ ಅಂತ ಮನಿಮನಿ ಹೊಕ್ಕು ಜೋಳ ಅಳಕೊಂಡು ಒಯ್ತಿದ್ರು. ಅವರು ಬರೋ ಮುಂಚೆ ಹಲಗಿ ಬಡಸ್ತಿದ್ರು. ಹಲಗಿ ಅಂದ್ರ ಲೆವಿ ಅಂತ ಊರಿಗೆ ಊರಽ ಕಾಳು ಮುಚ್ಚಿಡಾಕ ಹೋಗಿತ್ತು.

"ಅಜ್ಜಾ, ನಾ ಸರಕಾರದವಲ್ಲ," ಅಂದೆ. "ಹೊಸಾ ಅರಿವಿ ಅಂಗಡಿ ಆಗ್ಯಾದ. ಅರಿವಿ, ಅರಿವಿ."

ಮುದುಕ ಉಟ್ಟ ಧೋತರ ಎರಡೂ ಕೈಲೆ ಗಟ್ಟಿ ಹಿಡಕೊಂಡ. "ಅರಿವಿನೂ ಇಲ್ರಿ. ಇದೊಂದಽ ಅದ, ಇದನ್ನ ಒಯ್ಯಬ್ಯಾಡ್ರಿ."

ಅಂಗಡಿಗೆ ಹೋದ್ರ ಮಾಲಕ ಊದಿನಕಡ್ಡಿ ಹಚ್ಚಿ, ಕಾಯಿ ಒಡದು, ಅರ್ಧಾ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ದ. "ಹಲಗಿ ಸಪ್ಪಳ ಕೇಳಿ ನಂದೂ ಕೈಕಾಲು ನಡಗಿದ್ವು," ಅಂದ.

ಮುಂದಿನ ವಾರ ಅಂವ ಎದುರಂಗಡಿಯವನ್ನ ಕರಸಿದ. ಎದುರಂಗಡಿಯವ ಹಲಗಿ ಬಿಟ್ಟು ಸನಾದಿ ಬಾಜಾ ಊದಿಸ್ಕೋತ ಹೊಂಟ. ಯಾರದೋ ಲಗ್ನದ ಮೆರವಣಿಗಿ ಅಂತ ಊರಾಗಿನ ಹೆಣ್ಣುಮಕ್ಕಳೆಲ್ಲ ಇದ್ದುದರಾಗ ಛಲೋ ಸೀರಿ ಉಟಗೊಂಡು ಹೊರಗ ಬಂದ್ರು. ಅಂಗಡಿ ಮುಂದ ನಿಂತು ಮದುಮಗ ಎಲ್ಲಿ ಅಂತ ನೋಡೂದ್ರಾಗ ಒಬ್ಬರ ಸೀರಿ ಒಬ್ಬರು ನೋಡಿದ್ರು. "ನಿಂದು ಎಲ್ಲಿದಬೇ?" "ನಂದು ಹಳೇದು, ನಿಂದಽ ಛಂದದ." ಅಂಗಡ್ಯಾಗ ಹೊಸವು ತೂಗಬಿದ್ದಿದ್ವು. ಮುಂದಿಂದು ನಾ ಹೇಳಂಗಿಲ್ಲ, ಹೇಳಿದ್ರ ಮತ್ತ ಮೈ ಉರೀತದ.

ಇಷ್ಟು ಡೋಕಿ, ಇಷ್ಟು ಬುದ್ಧಿ ಇವಂಗ ಎಲ್ಲಿಂದ ಬಂತು ಅಂತ ನನಗ ತಡಿಯಾಕ ಆಗಲಿಲ್ಲ. ಹೋಗಿ ಕೇಳಿದೆ.

"ಡೋಕಿ ಎಲ್ಲಿದು ಅಣ್ಣಾ," ಅಂದ. "ನಿಮ್ಮ ಜೋಡಿ ಹೋಗಿ ಬಂದ ಮ್ಯಾಲ ಹಲಗಿಯವ ಅಫಜಲಪುರದ ಕಡಿ ಮಾರಿ ಹಾಕಂಗಿಲ್ಲ ಅಂದ. ಸನಾದಿಯವ ಒಬ್ಬನಽ ಸಿಕ್ಕ."

ಕೋಟು

ಇದು ಸಣ್ಣದು. ನನ್ನಷ್ಟಕ್ಕಽ ಇಟ್ಟಗೋಬೇಕಂದಿದ್ದೆ, ಆದ್ರ ಹೆಂಡತಿ ಊರಿಗೆಲ್ಲ ಹೇಳಿಬಿಟ್ಟಾಳ.

ಎದುರಂಗಡಿಯವ ಕರೀ ಕೋಟು ಹಾಕ್ತಿದ್ದ. ಗಿರಾಕಿ ಅವನ ಕಡಿ ಹೋಗೂದು ಆ ಕೋಟಿನ ಸಲುವಾಗಿ ಅಂತ ನನ್ನ ತಲ್ಯಾಗ ಹೊಕ್ಕಿತು. ಕಲಬುರ್ಗಿಗೆ ಹೋಗಿ ಹಂತಾದಽ ಕೋಟು ಹೊಲಿಸಿದೆ. ಗುಂಡಿಸುದ್ದಾ ಅವನವಽ ಅನ್ನೂವಂಗ. ಬ್ಯಾಸಗಿ ದಿನ, ಆಳಂದದ ಬಿಸಲು ನಿಮಗ ಹೇಳಬೇಕಾಗಿಲ್ಲ. ಬೆವರು ಹಿಮ್ಮಡಕ್ಕಿಳೀತಿತ್ತು. ಆದ್ರೂ ಅಂಗಡಿ ಕಟ್ಟಿ ಮ್ಯಾಲ ಕೋಟು ಹಾಕ್ಕೊಂಡು ಕುಂತೆ.

ಎರಡನೇ ದಿನ ದೊಡ್ಡ ಗಿರಾಕಿ ಒಬ್ಬಾಂವ ಟಾಂಗಾದಿಂದ ಇಳದ. ನೆಟ್ಟಗ ನನ್ನ ಕಡಿಗೇ ಬಂದ. ಹೆಂಡತಿ ಬಾಗಲ ಸಂದ್ಯಾಗಿಂದ ನೋಡಾಕತ್ತಿದ್ಲು. ನಾನು ಕೋಟು ಸರಿಮಾಡ್ಕೊಂಡು ಎದ್ದು ನಿಂತು, "ಬರ್ರಿ, ಬರ್ರಿ," ಅಂದೆ.

ಅಂವ ನನ್ನ ಕೋಟು ನೋಡಿದ, ಎದುರಂಗಡಿ ನೋಡಿದ. "ಧಣಿ ಅಂಗಡ್ಯಾಗಿಲ್ಲೇನು?" ಅಂತ ನನ್ನನ್ನಽ ಕೇಳಿದ. "ನಿಮಗ ಕೋಟು ಗೀಟು ಹೊಲಿಸಿ ಕೊಟ್ಟು ಭಾಳ ಛಲೋ ನೋಡ್ಕೊಂಡಾರ ಬಿಡ್ರಿ."

ಅಂದೋಲಾದ ದರ್ಶನ

ಜೇವರ್ಗಿಗೆ ಟೆಂಟಿನ ಸಿನೆಮಾ ಬಂದಿತ್ತು. ದೇವಿ ಮಹಾತ್ಮೆಯ ಆಟ. ಟೆಂಟಿನ ಮಾಲಕ ಇಬ್ಬರನ್ನೂ ಕರಸಿ, ಒಂದು ಚಕ್ಕಡಿಗೆ ಬರಿಯಾಕ ಎರಡು ಕಟ್ಟಿಗಿ ಹಲಿಗಿ ಕಟ್ಟಿ, "ಎಡಕಿನ ಹಲಿಗಿ ನಿನಗ, ಬಲಕಿನ ಹಲಿಗಿ ಅವಂಗ. ಯಾರದು ಛಲೋ ಅನ್ನೂದು ನೋಡೋಣು," ಅಂದ.

ಎದುರಂಗಡಿಯವಂಗ ಮನುಷ್ಯಾರ ಮಾರಿ ಬರಿಯಾಕ ಬರಂಗಿಲ್ಲ. ಅದೊಂದು ವಿದ್ಯಾ ದೇವರು ನನಗಽ ಕೊಟ್ಟಿದ್ದ. ಈ ಸಲ ಬಿಡಂಗಿಲ್ಲ ಮಗನ ಅಂದ್ಕೊಂಡೆ. ಆರು ದಿನ ಕುಂತು ಸಿಂಹದ ಮ್ಯಾಲ ಕುಂತ ದೇವಿನ್ನ ಬರದೆ. ಎಂಟು ಕೈ, ಮೂಗಿನಾಗ ನತ್ತು, ಎಲ್ಲಿ ನಿಂತು ನೋಡಿದ್ರೂ ನಿಮ್ಮನ್ನಽ ನೋಡೋ ಕಣ್ಣು. ಅಂವ ಬರೇ ಅಕ್ಷರ ಬರದ: ಜೇವರ್ಗಿ, ದಿನಾ ಸಂಜಿಕ, ಹೆಣ್ಣುಮಕ್ಕಳಿಗೆ ಬ್ಯಾರೆ ಜಾಗಾ. ನೋಡಿ ನನಗ ನಗು ಬಂತು.

ಇಬ್ಬರೂ ಆ ಚಕ್ಕಡಿ ಜೋಡಿ ಊರೂರು ಹೊಂಟ್ವಿ. ಅದರ ಎತ್ತು ಅಂದೋಲಾ ಅನ್ನೋ ಊರಿನವನವು. ಅವು ದಿನಾ ಮಠದ ದಾಸೋಹಕ್ಕ ಕಟ್ಟಿಗಿ ಹೊತಗೊಂಡು ಹೋಗೂವು. ಅಂದೋಲಾದ ಸೀಮಿ ಹೊಕ್ಕ ಮ್ಯಾಲ ಅವು ನನ್ನ ಮಾತೂ ಕೇಳಲಿಲ್ಲ, ಚಕ್ಕಡಿ ಹೊಡಿಯೋನ ಮಾತೂ ಕೇಳಲಿಲ್ಲ. ನೇರ ಮಠದ ಮುಂದ ಹೋಗಿ ನಿಂತ್ವು. ನನ್ನ ಹಲಿಗಿ ಮಠದ ಕಡಿ, ಅವಂದು ರಸ್ತೆ ಕಡಿ.

ಉಂಡು ಹೊರಗ ಬಂದ ಮಂದಿ ಬಾಗಲದಾಗಽ ನಿಂತ್ರು. ಒಬ್ಬಾಕಿ ಮುತ್ತೈದಿ ಕೈ ಮುಗದ್ಲು. ಇನ್ನೊಬ್ಬಾಕಿ ಅರಿಶಿಣ ಕುಂಕುಮ ತಂದು ಹಲಿಗಿಗೆ ಹಚ್ಚಿದ್ಲು. ಒಬ್ಬ ಮುದುಕ ಧೂಳಾಗ ಉದ್ದಕ ಬಿದ್ದು ನಮಸ್ಕಾರ ಹಾಕಿದ. ಆರತಿ ಬಂತು, ಕಾಯಿ ಬಂದ್ವು. ನಾನು ಎದಿ ಉಬ್ಬಿಸಿ ನಿಂತಿದ್ದೆ. ಕಣ್ಣಂಚಿನಾಗ ಎದುರಂಗಡಿಯವನ್ನ ನೋಡಿದ್ರ ಅಂವನೂ ಕೈ ಮುಗದು ನಿಂತಿದ್ದ. ನನ್ನ ಜೀವಕ್ಕ ಆವತ್ತು ಎಷ್ಟು ತಂಪಾತು ಅಂತೀರಿ.

ಸಂಜಿಕ ಟೆಂಟಿಗೆ ಅಂದೋಲಾದಿಂದ ಬಂದ ಮಂದಿನೆಲ್ಲ ನಿಂದ್ರಿಸಿ ಕೇಳಿದೆ. ಬಂದವರೆಲ್ಲ ರಸ್ತೆ ಕಡಿ ನಿಂತವರು, ಅವನ ಅಕ್ಷರ ಓದಿದವರು. ದೇವಿಗೆ ಆರತಿ ಎತ್ತಿದವರಾಗ ಒಬ್ಬರೂ ಇರಲಿಲ್ಲ. ಮರುದಿನ ಅಂದೋಲಾಕ್ಕ ಹೋಗಿ ಆ ಮುತ್ತೈದಿನ್ನ ಹುಡಿಕಿ, "ಯಾಕಬೇ ಯವ್ವಾ, ಆಟಕ್ಕ ಬರಲಿಲ್ಲ?" ಅಂದೆ.

"ತಾಯಿನಽ ಊರಿಗೆ ಬಂದು ದರ್ಶನ ಕೊಟ್ಟು ಹೋದ್ಲಲ್ರಿ," ಅಂದ್ಲು. "ಮತ್ತ ಜೇವರ್ಗಿತನಕ ಹೋಗಿ ಏನ್ ನೋಡೂದು?"

ಟೆಂಟಿನ ಮಾಲಕ ನನ್ನ ಹೆಗಲ ಮ್ಯಾಲ ಕೈ ಇಟ್ಟ. "ನಿನ್ನ ಕೈಯಾಗ ಭಾಳ ಶಕ್ತಿ ಅದ ತಮ್ಮಾ," ಅಂದ. "ಮುಂದಿನ ಸಲ ಸ್ವಲ್ಪ ಕೆಟ್ಟದಾಗಿ ಬರಿ."

ನಿಂಬರ್ಗಾದ ಚಹಾ

ಈಗ ಹೇಳೂದು ಕಡೀದು. ಇದರಾಗ ನನ್ನ ಅಂಗಡಿ ಉಳಿಯೂದೋ ಮಾವನ ಹೊಲಕ್ಕ ಹೋಗೂದೋ ಅನ್ನೂದು ತೀರ್ಮಾನ ಆತು.

ಸೊಲ್ಲಾಪುರದ ಒಂದು ಚಹಾಪುಡಿ ಕಂಪನಿಯಿಂದ ಒಬ್ಬ ಸಾಹೇಬ ಬಂದ. ನಮ್ಮ ಹಳ್ಳಿ ಮಂದಿ ಆವಾಗ ಚಹಾ ಕುಡೀತಿರಲಿಲ್ಲ. ಮಜ್ಜಿಗಿ, ಅಂಬಲಿ, ಇಷ್ಟಽ. ಮೂರೂ ತಾಲ್ಲೂಕಿಗೆ ಚಹಾದ ರುಚಿ ಹಚ್ಚೋ ಪ್ರಚಾರ ಒಬ್ಬನಿಗೇ ಕೊಡ್ತೇನಿ, ಅದೂ ಕಾಯಮ್ ಕೆಲಸ ಅಂದ ಸಾಹೇಬ. ಯಾರಿಗೆ ಸಿಕ್ತದೋ ಅಂವ ಉಳದ, ಸಿಗದವ ಬಾಗಲಾ ಹಾಕಿದ. ಇದು ನನಗೂ ಗೊತ್ತಿತ್ತು, ಎದುರಂಗಡಿಯವಂಗೂ ಗೊತ್ತಿತ್ತು. ಆದ್ರೂ ಅಂವ, "ನಿಮಗ ಸಿಗಲಿ ಅಣ್ಣಾ, ನೀವು ಹಿರಿಯರು," ಅಂದ. ಹಂಗ ಅನ್ನೋ ಹಕ್ಕು ಇವಂಗ ಯಾರು ಕೊಟ್ರು ಅಂತ ಇನ್ನಷ್ಟು ಸಿಟ್ಟು ಬಂತು.

ಪರೀಕ್ಷಾ ಎಲ್ಲಿ ಅಂದ್ರ ನಿಂಬರ್ಗಾದ ಸಂತಿಯಾಗ, ನನ್ನ ಮಾವನ ಊರಾಗ. ಮೂರು ತಾಲ್ಲೂಕಿನಾಗ ಮತ್ತೊಂದು ಊರು ಇರಲಿಲ್ಲೇನು ಸಾಹೇಬಗ. ಸಂತಿ ಬಯಲಿನ ಆ ತುದಿಗೆ ಒಂದು ಬೇವಿನ ಗಿಡ, ಈ ತುದಿಗೆ ಒಂದು. ಆ ಗಿಡದ ಕೆಳಗ ಅಂವ, ಈ ಗಿಡದ ಕೆಳಗ ನಾನು. ಇಬ್ಬರಿಗೂ ಅದಽ ಒಲಿ, ಅದಽ ಪುಡಿ, ಅದಽ ಬಟ್ಟಲ. ಚಹಾ ಪುಕ್ಕಟೆ. ನಡುವ ಕುರ್ಚಿ ಹಾಕ್ಕೊಂಡು ಸಾಹೇಬ. ಯಾರ ಗಿಡದ ಕೆಳಗ ಮಂದಿ ಭಾಳ ಕುಡೀತಾರೋ ಕೆಲಸ ಅವರಿಗೆ.

ಸುಗ್ಗಿ ದಿನ, ಥಂಡಿ. ಕಣದಾಗ ತೊಗರಿ ರಾಶಿ ಬಿದ್ದಿದ್ವು. ಒಲಿ ಹೊತ್ತಿಸಿ, ನೀರಿಟ್ಟು, ಆ ಕಡಿ ನೋಡಿದೆ. ಎದುರಂಗಡಿಯವನ ಹತ್ರ ಆಗಲೇ ನಾಕು ಮಂದಿ ನಿಂತಿದ್ರು. ನನ್ನ ಹತ್ರ ಒಂದು ನಾಯಿ. ಚಹಾ ಕುದಿಯಾಕ ಬಿಟ್ಟು, ಸಂತ್ಯಾಗ ಕಾಯಿಪಲ್ಯೆ ನೋಡೋರಂಗ ಹೊಂಟೆ. ಸಿಕ್ಕವರ ಕಿವ್ಯಾಗ, "ಆ ಗಿಡದ ಕೆಳಗಿನ ಚಹಾ ಕುಡೀಬ್ಯಾಡ್ರಿ. ಅದನ್ನ ಕುಡದ್ರ ನಿದ್ದಿ ಬರಂಗಿಲ್ಲ," ಅಂದೆ.

ಇದು ಪಾಪ ಅನ್ನೂದು ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ, ಮತ್ತ ಹೇಳೂ ಮುಂದ ಹಿತಾನೂ ಅನಸ್ತು.

ತಿರುಗಿ ಬರೂದ್ರಾಗ ಆ ಗಿಡದ ಕೆಳಗ ಇಪ್ಪತ್ತು ಮಂದಿ. ಹೆಗಲ ಮ್ಯಾಲ ಕಂಬಳಿ, ಕೈಯಾಗ ಬಡಿಗಿ. ಒಬ್ಬಾಂವ ನನ್ನ ಮುಂದ ಓಡ್ಕೋತ ಹೊಂಟಿದ್ದ, ಹಿಡದು ಕೇಳಿದೆ.

"ಬಿಡ್ರಿ, ಹೊತ್ತಾತು," ಅಂದ. "ಎಂಟು ದಿನ ಆತು ಕಣದಾಗ ರಾಶಿ ಕಾಯಾಕತ್ತೇನಿ. ಕಣ್ಣು ಮುಚ್ಚಿದ್ರ ಹಂದಿ ಬರ್ತಾವ, ಇಲ್ಲಾ ಕಳ್ಳರು ಬರ್ತಾರ. ಅಲ್ಲಿ ನಿದ್ದಿ ಕೆಡಸೋ ನೀರು ಕೊಡಾಕತ್ತಾರಂತ."

ಈ ಮಾತು ಕೆಲಸಕ್ಕ ಬರಲಿಲ್ಲ, ಬ್ಯಾರೆ ಮಾತು ಬೇಕು. ಹೆಣ್ಣುಮಕ್ಕಳು ಕುಂತಲ್ಲಿ ಹೋಗಿ, "ಆ ಚಹಾ ಕುಡದ್ರ ಹಸಿವಿ ಸಾಯ್ತದಬೇ, ರೊಟ್ಟಿ ಸೇರಂಗಿಲ್ಲ," ಅಂದೆ. ಅವರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಸುಗ್ಗಿ ಆಳು ಒಬ್ಬೊಬ್ಬಾಂವ ಕುಂತಲ್ಲಿ ಎಂಟು ರೊಟ್ಟಿ ತಿನ್ನೋ ಕಾಲ. ಅರ್ಧಾ ತಾಸಿನಾಗ ಒಬ್ಬ ಗೌಡತಿ ತನ್ನ ಹನ್ನೆರಡು ಆಳು ಸಾಲಾಗಿ ನಡಸ್ಕೊಂಡು ಬಂದು, "ಇವರಿಗೆಲ್ಲ ಎರಡೆರಡು ಬಟ್ಟಲ ಕುಡಸಪ್ಪಾ," ಅಂತ ಎದುರಂಗಡಿಯವಂಗ ಹೇಳಿದ್ಲು. "ಈ ಉದ್ದನ್ನಾವಂಗ ಮೂರು."

ನನ್ನ ತಲಿ ಕೆಟ್ಟು ಹೋತು. ಹೊಟ್ಟಿಕಿಚ್ಚಿನಾಗ ಮನುಷ್ಯಾಗ ಬುದ್ಧಿ ಇರಂಗಿಲ್ಲ, ನನಗಂತೂ ಇರಲಿಲ್ಲ. ಕಟ್ಟಿ ಮ್ಯಾಲ ಮಾರಿ ಮುಚ್ಚೂವಂಗ ಕಂಬಳಿ ಹೊದ್ದು ಗಡಗಡ ನಡಗೋ ಮುದುಕರ ಹತ್ರ ಹೋಗಿ, "ಆ ಚಹಾ ಭಾಳ ಉಷ್ಣ, ಮೈಯೆಲ್ಲ ಬೆಂಕಿ ಹಚ್ಚಿದಂಗ ಆಗ್ತದ," ಅಂದೆ. ನನ್ನ ಮಾತು ಮುಗೀಲಿಲ್ಲ, ಕಟ್ಟಿ ಖಾಲಿ ಆತು. ಎದ್ದು ನಿಂದ್ರಾಕ ಆಗದವರನ್ನ ಎದ್ದವರು ಹಿಡಕೊಂಡು ಹೊಂಟ್ರು.

ನನ್ನ ಗಿಡದ ಕೆಳಗ ಬಂದು ನೋಡಿದ್ರ ಚಹಾ ಕುದ್ದು ಕುದ್ದು ಕಾಡಗಿ ಆಗಿತ್ತು. ಹಾದ್ಯಾಗ ಹೊಂಟ ಒಬ್ಬ ರೈತನ್ನ ಕೈ ಹಿಡದು, "ಅಣ್ಣಾ, ನಂದು ಕುಡಿ. ನನ್ನ ಚಹಾ ಕುಡದ್ರ ನಿದ್ದಿ ಕೆಡಂಗಿಲ್ಲ, ಹಸಿವಿ ಹೋಗಂಗಿಲ್ಲ, ಉಷ್ಣನೂ ಇಲ್ಲ. ಏನೂ ಆಗಂಗಿಲ್ಲ," ಅಂದೆ.

"ಏನೂ ಆಗಂಗಿಲ್ಲಂದ್ರ ಯಾಕ ಕುಡೀಬೇಕೋ ಮಾರಾಯಾ?" ಅಂತ ಕೈ ಬಿಡಿಸ್ಕೊಂಡು ಆ ಕಡಿ ಹೋದ.

ಸಂಜಿಕ ಸಾಹೇಬ ಕುರ್ಚಿ ಬಿಟ್ಟು ಎದ್ದ. ಎದುರಂಗಡಿಯವನ ಪುಡಿ ಪೂರಾ ತೀರಿತ್ತು. ನನ್ನದು ಪೊಟ್ಟಣ ಹಂಗಽ ಇತ್ತು. ಸಾಹೇಬ ಅವನ್ನ ಕೇಳಿದ, "ಇಷ್ಟು ಮಂದಿ ಹ್ಯಾಂಗ ಕೂಡಿಸಿದಿ? ಏನಂತ ಪ್ರಚಾರ ಮಾಡಿದಿ?"

"ನಾ ಗಿಡದ ನೆರಳು ಬಿಟ್ಟು ಹೊರಗಽ ಬಂದಿಲ್ರಿ," ಅಂದ ಅಂವ. ಖರೇನಽ ಅಂದ.

ಅಲ್ಲೇ ಚಹಾ ಕುಡ್ಯಾಕತ್ತಿದ್ದ ಒಬ್ಬ ಮುದುಕನ್ನ ಸಾಹೇಬ ಕೇಳಿದ, "ಅಜ್ಜಾ, ನಿಮಗ್ಯಾರು ಹೇಳಿದ್ರು?" ಬಟ್ಟಲದಿಂದ ಮಾರಿ ಎತ್ತಿದ್ರ ಅದು ನನ್ನ ಮಾವ. "ನಮ್ಮ ಅಳಿಯಂದ್ರು," ಅಂತ ನನ್ನ ಕಡಿ ಕೈ ಮಾಡಿದ. ರಾಶಿ ಕಾಯೋರೂ ನನ್ನ ಕಡಿ ಕೈ ಮಾಡಿದ್ರು. ಗೌಡತಿನೂ ಮಾಡಿದ್ಲು. ಸಂತಿಗೆ ಸಂತಿನಽ ತಿರುಗಿ ನನ್ನ ನೋಡಾಕ ಹತ್ತಿತು.

ಭೂಮಿ ಬಾಯಿ ಬಿಡಬಾರದೇ ಅನಸ್ತು. ಎದುರಂಗಡಿಯವ ಓಡಿ ಬಂದು ನನ್ನ ಕಾಲು ಮುಟ್ಟಿದ. "ನಿಮ್ಮ ಒಲಿ ಬಿಟ್ಟು ನನ್ನ ಸಲುವಾಗಿ ಸಂತಿ ತುಂಬ ಓಡ್ಯಾಡೀರಲ್ಲ ಅಣ್ಣಾ," ಅಂದ. ಅವನ ಕಣ್ಣಾಗ ನೀರು ಬಂದಿದ್ವು. ಚಾಷ್ಟಿ ಅಲ್ಲ, ಖರೇನಽ ನಂಬಿದ್ದ. ಅದಕ್ಕಽ ನನಗ ಅವನ್ನ ಕಂಡ್ರ ಆಗೂದಿಲ್ಲ.

ಸಾಹೇಬ ಮಾತ್ರ ನಂಬಲಿಲ್ಲ. ನನ್ನ ಗಿಡದ ಮಗ್ಗಲಕ ಕರದು, ಸಣ್ಣ ದನಿಲೆ, "ಏನೇನಂದ್ರಿ, ಒಂದೂ ಬಿಡದಂಗ ಹೇಳ್ರಿ," ಅಂದ. ಮೂರೂ ಹೇಳಿದೆ. ಸಾಹೇಬ ಬೇವಿನ ಗಿಡ ಹಿಡಕೊಂಡು ನಕ್ಕ, ಟೋಪಗಿ ಕೆಳಗ ಬೀಳೂತನಕ ನಕ್ಕ. ಆಮ್ಯಾಲ ಟೋಪಗಿ ಝಾಡಿಸಿ ಹಾಕ್ಕೊಂಡು, "ಚಹಾ ಕುಡಸೋ ಕೆಲಸ ಅವಂಗ," ಅಂದ. ನನ್ನ ಕಣ್ಣ ಮುಂದ ಮಾವನ ತೊಗರಿ ಹೊಲ ಬಂತು. "ನೀವು ಅಂವ ಹೋಗೋ ಊರಿಗೆ ಒಂದು ದಿನ ಮೊದಲ ಹೋಗಬೇಕು. ಹೋಗಿ, ಅವನ ಚಹಾಕ್ಕ ಇವತ್ತು ಬೈದಂಗ ಬೈಬೇಕು. ಬಾಯಿ ಮಾತಿಗೆ ಬೈದ್ರ ನಡಿಯಂಗಿಲ್ಲ, ಮನಸ್ಸಿನಿಂದ ಬೈಬೇಕು. ಆಗ್ತದೇನು?"

ಆಗ್ತದ ಅಂತ ಹೇಳಾಕ ನನಗ ಒಂದು ಗಳಿಗಿನೂ ಬೇಕಾಗಲಿಲ್ಲ.

ಮರುದಿನ ಆಳಂದಕ್ಕ ಬಂದ್ರ ಹೆಂಡತಿ ಬಾಗಲದಾಗಽ ನಿಂತಿದ್ಲು. ಗಂಟು ಕಟ್ಟಬೇಕೋ ಬ್ಯಾಡೋ ಅಂತ ಆಕಿಗೂ ಜೀವ ಹೋಗಾಕತ್ತಿತ್ತು.

"ಕೆಲಸ ಸಿಕ್ತೇನ್ರಿ?" ಅಂದ್ಲು.

"ಸಿಕ್ತು. ಕಾಯಮ್ ಕೆಲಸ. ಅಂಗಡಿ ಮುಚ್ಚೂದು ಬ್ಯಾಡ."

"ಏನ್ ಕೆಲಸ?"

"ಎದುರಂಗಡಿಯವನ್ನ ಬೈಯೂದು."

ಆಕಿ ನನ್ನ ಮಾರಿ ನೋಡಿದ್ಲು, ಎದುರಂಗಡಿ ನೋಡಿದ್ಲು. "ಇಷ್ಟು ವರ್ಷ ಮನ್ಯಾಗ ಕುಂತು ಪುಕ್ಕಟೆ ಮಾಡಿದ್ರಲ್ರಿ," ಅಂದ್ಲು. "ಅದಕ್ಕ ಪಗಾರ ಕೊಡೋರು ಸೊಲ್ಲಾಪುರದಾಗ ಅದಾರಂತ ಮೊದಲಽ ಗೊತ್ತಿದ್ರ, ಇಷ್ಟು ದಿನ ನಾ ಯಾಕ ನಿಮ್ಮ ಬಾಯಿ ಮುಚ್ಚಿಸ್ತಿದ್ದೆ?"